ಬಿ.ಎಚ್. ರಸ್ತೆಯ ಸಂಜೆ ತಿಂಡಿ

ಮಲೆನಾಡಿನ ತೋಟಗಾರರ ಬಾಯಲ್ಲಿ ವಿಯೆಟ್ನಾಂ ಹೆಸರು ಬಂದರೆ ಹಿಂದೆಯೇ ಒಂದು ಬೈಗುಳವೂ ಬರುವುದು ಮಾಮೂಲು. ಜಗತ್ತಿನಲ್ಲೇ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ಅದು. ಅಲ್ಲಿನ ಮೆಣಸು ಶ್ರೀಲಂಕಾ ದಾರಿಯಲ್ಲಿ ಒಳಗೆ ನುಗ್ಗಿ ಇಲ್ಲಿನ ದರ ಬೀಳಿಸಿತೆಂಬ ಕೂಗು ಜೋರಾದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿಯ ಕನಿಷ್ಠ ದರ ಕಟ್ಟಬೇಕಾಯಿತು. ಅದೇ ದೇಶಕ್ಕೆ ಪ್ರವಾಸ ಹೋಗಿ ಬರುವ ಕನ್ನಡಿಗರು ಈಗ ಹೆಚ್ಚಾಗಿದ್ದಾರೆ. ಅವರು ತರುವ ಸುದ್ದಿಯೇ ಬೇರೆ: ಹೋಯಿ ಆನ್ ಎಂಬ ಹಳೆಯ ಊರು, ಅಲ್ಲಿನ ಕಾಗದದ ದೀಪಗಳು, ಸಂಜೆ ಗೈಡ್ ಹಿಂದೆ ನಡೆಯುತ್ತಾ ಬೀದಿಬೀದಿಯಲ್ಲಿ ತಿಂದ ತಿಂಡಿಗಳು.

ಹೋಯಿ ಆನ್ 15ರಿಂದ 19ನೇ ಶತಮಾನದವರೆಗೆ ಥು ಬಾನ್ ನದಿಯ ಮೇಲಿನ ಬಂದರಾಗಿತ್ತು. ಚೀನೀಯರು, ಜಪಾನೀಯರು, ಆಮೇಲೆ ಯುರೋಪಿನವರು ಅಲ್ಲಿ ವ್ಯಾಪಾರ ಮಾಡಿದರು. ನದಿಯ ಮುಖದಲ್ಲಿ ಹೂಳು ತುಂಬಿತು, ವ್ಯಾಪಾರ ಪಕ್ಕದ ಡನಾಂಗ್‌ಗೆ ಸರಿಯಿತು, ಊರು ಹಾಗೇ ಉಳಿದುಕೊಂಡಿತು. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ‘ಕಾವ್ ಲಾವ್’ ಎಂಬ ದಪ್ಪ ಶಾವಿಗೆ ಸಿಗುತ್ತದೆ. ಊರಿನ ಹಳೆಯ ಬಾವಿಯೊಂದರ ನೀರು, ಬೂದಿಯ ತಿಳಿ ಬಿದ್ದರೇ ಅದಕ್ಕೆ ಆ ಹದ ಎಂಬುದು ಸ್ಥಳೀಯರ ನಂಬಿಕೆ. ಫ್ರೆಂಚರು ಬಿಟ್ಟುಹೋದ ಬ್ರೆಡ್ಡಿನೊಳಗೆ ಮಾಂಸ, ಸೊಪ್ಪು, ಹುಳಿಯಲ್ಲಿ ನೆನೆಸಿದ ತರಕಾರಿ ತುಂಬಿದರೆ ‘ಬಾನ್ ಮಿ’. ಯಾರು ಯಾರು ಬಂದು ಹೋದರು ಎಂಬುದನ್ನು ತಟ್ಟೆ ನೋಡಿಯೇ ಹೇಳಬಹುದು. ಗೈಡ್‌ಗಳು ಮಾರುವುದೂ ಇದನ್ನೇ.

ಶಿವಮೊಗ್ಗದಲ್ಲಿ ಕೈಯಲ್ಲಿ ಬಾವುಟ ಹಿಡಿದ ಗೈಡ್ ಹಿಂದೆ ಮಸಾಲ ಪುರಿ ಗಾಡಿಗೆ ಸಾಲಾಗಿ ಹೋಗುವ ಜನ ಕಾಣುವುದಿಲ್ಲ. ಪ್ರವಾಸಿಗಳು ಬರುತ್ತಾರೆ, ಆದರೆ ಜೋಗಕ್ಕೋ ಆಗುಂಬೆಗೋ ಸಕ್ರೆಬೈಲಿನ ಆನೆ ಬಿಡಾರಕ್ಕೋ ಹೋಗುವ ದಾರಿಯಲ್ಲಿ ಇಲ್ಲೊಂದು ರಾತ್ರಿ ತಂಗುತ್ತಾರೆ, ಅಷ್ಟೆ. ಊರೊಳಗೆ ನಡೆದು ನೋಡುವವರು ಅಪರೂಪ. ನಡೆದರೆ ಮಾತ್ರ ಹೋಯಿ ಆನ್‌ಗೆ ಯಾವ ರೀತಿಯಲ್ಲೂ ಕಮ್ಮಿಯ ಊರಲ್ಲ ಇದು. ಬೆಂಗಳೂರು–ಹೊನ್ನಾವರ ರಸ್ತೆ, ಎಲ್ಲರ ಬಾಯಲ್ಲಿ ಬಿ.ಎಚ್. ರಸ್ತೆ, ತುಂಗೆಯ ದಡದ ಶಿವಮೊಗ್ಗವನ್ನೂ ಭದ್ರೆಯ ದಡದ ಭದ್ರಾವತಿಯನ್ನೂ ಪೋಣಿಸಿಕೊಂಡು ಹೋಗುತ್ತದೆ. ನಡುವೆ ಸುಮಾರು ಇಪ್ಪತ್ತು ಕಿಲೋಮೀಟರ್, ಅಷ್ಟೆ. ಒಂದು ಮಂಡಿಯ ಊರು, ಇನ್ನೊಂದು ಕಾರ್ಖಾನೆಯ ಊರು. ಸಂಜೆ ಐದರ ಮೇಲೆ ಎರಡೂ ಕಡೆ ಬೀದಿಗೆ ಬರುವ ತಿಂಡಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಶಿವಮೊಗ್ಗದ ಭೂಗೋಳವನ್ನು ಮೊದಲು ನೋಡಬೇಕು. ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರ: ಅಡಿಕೆ, ಅಕ್ಕಿ, ಹಲಸು, ಕಳಲೆ, ಅಪ್ಪೆಮಿಡಿ. ಪೂರ್ವಕ್ಕೆ ಚನ್ನಗಿರಿ ದಾಟಿದರೆ ದಾವಣಗೆರೆಯ ಬಯಲು: ಜೋಳ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಬೆಣ್ಣೆ ದೋಸೆ. ಆಗುಂಬೆ ಘಾಟಿ ಇಳಿದರೆ ಉಡುಪಿ. ಹೋಟೆಲು ಇಡುವ ಕಲೆ ಹತ್ತಿ ಬಂದದ್ದು ಆ ಘಾಟಿಯಿಂದ. ಹೀಗಾಗಿ ಇಲ್ಲಿ ಒಂದೇ ಸಂಜೆ ಕಡುಬು, ಖಾರ ಮಂಡಕ್ಕಿ, ಮಂಗಳೂರು ಬನ್ಸ್ ಮೂರನ್ನೂ ತಿನ್ನಬಹುದು. ಮೂರೂ ಬೇರೆ ಬೇರೆ ಸೀಮೆಯವು, ಮೂರನ್ನೂ ಶಿವಮೊಗ್ಗದವರು ನಮ್ಮದೇ ಅನ್ನುತ್ತಾರೆ.

ನಡಿಗೆ ಕೋಟೆಯಿಂದ ಶುರುವಾಗುವುದು ಚೆಂದ. ಕೆಳದಿಯ ಶಿವಪ್ಪ ನಾಯಕ, 1645ರಿಂದ 1660ರವರೆಗೆ ಆಳಿದವನು, ಅವನ ಹೆಸರಿನ ಅರಮನೆ ಇಲ್ಲಿದೆ. ಮರದ ಕಂಬಗಳ ಈ ಕಟ್ಟಡ ಈಗ ಸರ್ಕಾರದ ವಸ್ತುಸಂಗ್ರಹಾಲಯ. ಹತ್ತಿರದಲ್ಲೇ ಕೋಟೆ ಆಂಜನೇಯನ ಗುಡಿ, ಅದರಾಚೆ ತುಂಗೆ. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ನದಿಯ ದಂಡೆ ಹೊಸದಾಗಿ ಕಟ್ಟಿಸಿಕೊಂಡಿದೆ. ಸಂಜೆ ಗಾಳಿಗೆ ಬರುವವರಿದ್ದಾರೆ, ಅವರ ಹಿಂದೆ ಕಡಲೆಕಾಯಿ, ಹುರಿದ ಜೋಳದವರೂ ಬರುತ್ತಾರೆ. ಆದರೆ ಊರಿನ ನಿಜವಾದ ಹಸಿವು ಇರುವುದು ಗಾಂಧಿ ಬಜಾರಿನಲ್ಲಿ.

ಗಾಂಧಿ ಬಜಾರ್ ಎಂದರೆ ಒಂದೇ ಬೀದಿಯಲ್ಲ. ಹೂವು, ಹಣ್ಣು, ಬಟ್ಟೆ, ಪಾತ್ರೆ, ಗ್ರಂದಿಗೆ ಅಂಗಡಿಗಳ ನಡುವೆ ಸ್ಕೂಟರು, ಎತ್ತಿನಷ್ಟೇ ನಿಧಾನದ ಆಟೊ, ಚೀಲ ಹೊತ್ತ ಹಮಾಲಿ ಎಲ್ಲ ಸೇರಿ ನೂಕಾಡುವ ಕಿಷ್ಕಿಂಧೆ. ಅಡಿಕೆ ಮಾರಲು ಬಂದ ರೈತರು ದುಡ್ಡು ಎಣಿಸಿಕೊಂಡು ಮನೆಗೆ ಸಾಮಾನು ಕಟ್ಟಿಸುತ್ತಿದ್ದದ್ದು ಇಲ್ಲೇ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಮ್ಯಾಮ್‌ಕೋಸ್ 1939ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಕೊನೇ ಬಸ್ಸಿಗೆ ಇನ್ನೂ ಹೊತ್ತಿದೆ, ಜೇಬು ಸ್ವಲ್ಪ ಬೆಚ್ಚಗಿದೆ, ಹೊಟ್ಟೆ ಖಾಲಿ. ಬಜಾರಿನ ತಿಂಡಿ ಬೆಳೆದದ್ದು ಈ ಗಿರಾಕಿಯ ಅಳತೆಗೆ: ಬೇಗ ಆಗಬೇಕು, ನಿಂತೇ ತಿನ್ನಬೇಕು, ಮಕ್ಕಳಿಗೆ ಪೊಟ್ಟಣ ಕಟ್ಟಿಸಿಕೊಂಡು ಹೋಗುವ ಹಾಗಿರಬೇಕು.

ಆ ಅಳತೆಗೆ ಮಂಡಕ್ಕಿಗಿಂತ ಒಗ್ಗುವುದು ಇನ್ನೊಂದಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕುಟ್ಟಿಸಿದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಕ್ಷಣದಲ್ಲಿ ಅರಳುತ್ತದೆ. ದಾವಣಗೆರೆಯಲ್ಲಿ ‘ಮಂಡಕ್ಕಿ ಭಟ್ಟಿ’ ಎಂಬ ಬಡಾವಣೆಯೇ ಇದೆ. ಅಲ್ಲಿನ ಹೊಗೆ ಮತ್ತು ಅಲ್ಲಿನ ದುಡಿಮೆ ಎರಡೂ ಪತ್ರಿಕೆಗಳಲ್ಲಿ ಆಗಾಗ ಸುದ್ದಿ. ಶಿವಮೊಗ್ಗದ ಗಾಡಿಯಲ್ಲಿ ಅದು ಹಲವು ವೇಷ ಹಾಕುತ್ತದೆ. ಹುರಿಗಡಲೆ ಪುಡಿ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಯ ಖಾರ ಮಂಡಕ್ಕಿ. ಹೆಚ್ಚಿದ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊತ್ತಂಬರಿ, ನಿಂಬೆಹಣ್ಣು, ಮೇಲೊಂದು ಚಮಚ ಕೊಬ್ಬರಿ ಎಣ್ಣೆ ಬಿದ್ದರೆ ಚುರುಮುರಿ. ಕೊಬ್ಬರಿ ಎಣ್ಣೆ ಘಾಟಿ ಕೆಳಗಿನ ರುಚಿ. ಬಯಲಿನವರು ಮೂಗು ಮುರಿಯುತ್ತಾರೆ. ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಒಳ್ಳೆ ಬಜ್ಜಿಯ ಗುಟ್ಟು ಕಡಲೆಹಿಟ್ಟಿನ ಹದದಲ್ಲಿದೆ: ಹಿಟ್ಟು ಬೆರಳಿಗೆ ಅಂಟಿ ನಿಲ್ಲಬೇಕು, ಓಂಕಾಳು ಬಿದ್ದಿರಬೇಕು, ಎಣ್ಣೆ ಕಾದಿರಬೇಕು, ಸೋಡ ಹೆಚ್ಚಾಗಿರಬಾರದು. ಸೋಡ ಹೆಚ್ಚಾದ ಬಜ್ಜಿ ಉಬ್ಬಿ ಚೆಂದ ಕಾಣುತ್ತದೆ, ಮುರಿದರೆ ಎಣ್ಣೆ ಸುರಿಯುತ್ತದೆ.

ಗಾಡಿಯ ಮುಂದೆ ನಡೆಯುವ ಮಾತುಕತೆ ಚಿಕ್ಕದು. “ಅಣ್ಣಾ, ಎರಡು ಪ್ಲೇಟ್, ಒಂದಕ್ಕೆ ಖಾರ ಕಮ್ಮಿ.” “ಈರುಳ್ಳಿ ಹಾಕ್ಲಾ ಅಕ್ಕಾ?” ಅಷ್ಟರಲ್ಲಿ ಕಾಗದದ ಪೊಟ್ಟಣ ಕೈಗೆ ಬಂದಿರುತ್ತದೆ. ಈಗ ಗಾಡಿಯ ಕಂಬಕ್ಕೆ ಯುಪಿಐ ಫಲಕ ನೇತಾಡುತ್ತಿದೆ, ಚಿಲ್ಲರೆಯ ಜಗಳ ಮುಗಿದಿದೆ.

ರಂಜಾನ್ ತಿಂಗಳಲ್ಲಿ ಬಜಾರಿನ ಸುತ್ತಮುತ್ತ ಸಂಜೆಯ ಲಯವೇ ಬದಲಾಗುತ್ತದೆ. ಉಪವಾಸ ಬಿಡುವ ಹೊತ್ತಿಗೆ ಸಮೋಸ, ಖರ್ಜೂರ, ಹಣ್ಣಿನ ಹೋಳುಗಳ ತಟ್ಟೆಗಳು ಬೀದಿಗೆ ಇಳಿಯುತ್ತವೆ. ಕೊಳ್ಳುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬ ಜಾತ್ರೆಯಲ್ಲೂ ಇದೇ ಬೀದಿಗಳು ತುಂಬುತ್ತವೆ. 2022ರ ಜಾತ್ರೆಯ ಹೊತ್ತಿನಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂಬ ಒತ್ತಾಯ ಎದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ಬೀದಿ ತಿಂಡಿಯ ಬಗ್ಗೆ ಬರೆಯುವವರು ರುಚಿಯ ಮಾತಾಡಿ ಸುಮ್ಮನಾಗುವುದುಂಟು. ಬೀದಿಯಲ್ಲಿ ನಿಲ್ಲುವ ಜಾಗ ಯಾರಿಗೆ ಸಿಗುತ್ತದೆ ಎಂಬುದು ರುಚಿಗಿಂತ ಮೊದಲು ತೀರ್ಮಾನವಾಗುವ ವಿಷಯ.

ಬಜಾರಿನಿಂದ ಹೊರಬಿದ್ದು ಅಮೀರ್ ಅಹ್ಮದ್ ವೃತ್ತ ಹಿಡಿದರೆ ನೆಹರೂ ರಸ್ತೆ, ಅದರ ತುದಿಗೆ ಗೋಪಿ ವೃತ್ತ, ಅಲ್ಲಿಂದ ದುರ್ಗಿಗುಡಿ. ಇಲ್ಲಿ ಗಿರಾಕಿ ಬೇರೆ. ಕಾಲೇಜು ಹುಡುಗರು, ಟ್ಯೂಷನ್ ಮುಗಿಸಿದ ಹುಡುಗಿಯರು, ಕಚೇರಿ ಬಿಟ್ಟು ಮನೆಗೆ ಹೋಗುವ ಗುಮಾಸ್ತರು. ದೋಸೆಗೆ ಹೆಸರಾದ ಮೀನಾಕ್ಷಿ ಭವನದಂಥ ಹಳೆಯ ಹೋಟೆಲುಗಳಲ್ಲಿ ಕೂತು ತಿನ್ನುವವರು ಒಂದು ಪಂಗಡ. ಹೊರಗೆ ಗಾಡಿಯ ಮುಂದೆ ನಿಲ್ಲುವವರು ಇನ್ನೊಂದು. ಬಹಳ ಮಂದಿ ಎರಡರಲ್ಲೂ ಇರುತ್ತಾರೆ.

ಈ ರಸ್ತೆಗಳ ರಾಜ ಮಸಾಲ ಪುರಿ. ಪಾನಿ ಪುರಿ ಉತ್ತರದಿಂದ ಬಂದದ್ದು. ಮಸಾಲ ಪುರಿಯನ್ನು ಮಾತ್ರ ಕರ್ನಾಟಕದವರು ತಮ್ಮ ಕೈಯಲ್ಲಿ ತಿದ್ದಿಕೊಂಡಿದ್ದಾರೆ. ಒಣ ಬಟಾಣಿ ರಾತ್ರಿಯೇ ನೆನೆಯುತ್ತದೆ. ಬೆಳಗ್ಗೆ ಬೇಯಿಸಿ, ಚಕ್ಕೆ ಲವಂಗ ಪುದೀನ ಕೊತ್ತಂಬರಿ ಹಸಿಮೆಣಸಿನಕಾಯಿ ರುಬ್ಬಿ ಕೂಡಿಸಿದ ಗಸಿ ಸಂಜೆಯವರೆಗೂ ದೊಡ್ಡ ತವದ ಮೇಲೆ ಸಣ್ಣ ಉರಿಯಲ್ಲಿ ಕುದಿಯುತ್ತಿರುತ್ತದೆ. ಪುರಿಯನ್ನು ತಟ್ಟೆಯಲ್ಲಿ ಪುಡಿ ಮಾಡಿ, ಮೇಲೆ ಸುಡುವ ಗಸಿ ಸುರಿದು, ಸಿಹಿ ನೀರು, ಖಾರದ ನೀರು, ಈರುಳ್ಳಿ, ಕ್ಯಾರೆಟ್, ಸೇವು. ಹೊತ್ತು ಕಳೆದಷ್ಟೂ ಗಸಿ ಗಟ್ಟಿಯಾಗುತ್ತದೆ. ಗೊತ್ತಿದ್ದವರು ಏಳು ಗಂಟೆಯ ಮೇಲೆ ಬರುತ್ತಾರೆ. ಅದೇ ಗಾಡಿಯಲ್ಲಿ ನಿಪ್ಪಟ್ಟು ಮಸಾಲೆ, ಟೊಮೆಟೊ ಸ್ಲೈಸ್, ಬೇಯಿಸಿದ ಮೊಟ್ಟೆ ಸೀಳಿ ಮಸಾಲೆ ತುಂಬಿದ್ದು ಕೂಡ ಸಿಗುತ್ತವೆ. ಟೊಮೆಟೊ ಸ್ಲೈಸನ್ನು ಹೊರ ರಾಜ್ಯದ ಚಾಟ್ ಪ್ರಿಯರಿಗೆ ತಿನ್ನಿಸಿ ನೋಡಬೇಕು.

ಮಸಾಲ ಪುರಿಗೆ ಸರಿಸಾಟಿಯಾಗಿ ನಿಂತಿರುವುದು ಗೋಬಿ ಮಂಚೂರಿ. ಚಿಕನ್ ಮಂಚೂರಿಯನ್ ಅನ್ನು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗ ಮೊದಲು ಮಾಡಿದ ಎಂಬುದು ಎಲ್ಲೆಡೆ ಹೇಳುವ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ಕರ್ನಾಟಕದ ಬೀದಿಯನ್ನೇ ಆಳಿತು. 2024ರ ಮಾರ್ಚಿನಲ್ಲಿ ಅದಕ್ಕೊಂದು ಪೆಟ್ಟು ಬಿತ್ತು. ರಾಜ್ಯದ ಆಹಾರ ಸುರಕ್ಷತಾ ಇಲಾಖೆ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯಲ್ಲಂತೂ ಬಟ್ಟೆಗೆ ಹಾಕುವ ರೋಡಮಿನ್-ಬಿ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಬಣ್ಣದ ಬಳಕೆಯನ್ನು ನಿಷೇಧಿಸಿ, ತಪ್ಪಿದರೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದರು. ಜೂನ್‌ನಲ್ಲಿ ಕಬಾಬಿಗೂ ಇದೇ ನಿಯಮ ಬಂತು.

ಕೆಂಪು ಬಣ್ಣ ಹೋದರೆ ಗೋಬಿ ಯಾರು ತಿಂತಾರೆ ಎಂದು ಆಗ ಹಲವರು ಗೊಣಗಿದರು. ತಿನ್ನುವವರು ತಿನ್ನುತ್ತಲೇ ಇದ್ದಾರೆ. ಬಣ್ಣ ಹಾಕದ ಗೋಬಿ ಕಂದು ಬಣ್ಣದ್ದು. ಬ್ಯಾಡಗಿ ಮೆಣಸಿನಪುಡಿ ಹಾಕಿದರೆ ತುಸು ಕೆಂಪಗಾಗುತ್ತದೆ. ಗಾಡಿಗೆ ಹೋದವರು ತಟ್ಟೆಯ ಬಣ್ಣ ನೋಡುವುದಕ್ಕಿಂತ ಬಾಣಲೆಯ ಎಣ್ಣೆಯನ್ನು ನೋಡುವುದು ಒಳ್ಳೆಯದು. ಕಪ್ಪಗಾಗಿ ನೊರೆ ಬಿಡುವ ಎಣ್ಣೆ ಬಹಳ ಸಲ ಕಾದದ್ದು.

ಕೊನೆಗೆ ಒಂದು ಲೋಟ ಕಬ್ಬಿನ ಹಾಲು. ಗಾಣಕ್ಕೆ ಗೆಜ್ಜೆ ಕಟ್ಟಿರುತ್ತಾರೆ. ಚಕ್ರ ತಿರುಗಿದಾಗ ಬರುವ ಆ ಸದ್ದೇ ಜಾಹೀರಾತು. ಶುಂಠಿ ಮತ್ತು ನಿಂಬೆಹಣ್ಣನ್ನು ಕಬ್ಬಿನ ಮಡಿಕೆಯೊಳಗೆ ಇಟ್ಟು ಅರೆಯುತ್ತಾರೆ. ತುಂಗೆ, ಭದ್ರೆಯ ಕಾಲುವೆ ನೀರಿನಲ್ಲಿ ಇಲ್ಲಿ ಕಬ್ಬು ಬೆಳೆದದ್ದು ಸಕ್ಕರೆ ಕಾರ್ಖಾನೆಗಳಿಗಾಗಿ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಎಂಪಿಎಂ, ಕಬ್ಬು ಅರೆದು ಸಕ್ಕರೆಯನ್ನೂ ಉಳಿದ ಸಿಪ್ಪೆಯಿಂದ ಕಾಗದವನ್ನೂ ಮಾಡುತ್ತಿತ್ತು. ಆ ಕಾರ್ಖಾನೆ ನಿಂತಿತು; ಗೆಜ್ಜೆ ಕಟ್ಟಿದ ಪುಟ್ಟ ಗಾಣ ಉಳಿದಿದೆ.

ಭದ್ರಾವತಿಗೆ ಬಸ್ಸಿನಲ್ಲಿ ಹೋಗಬಹುದು, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹಾಸಿದ ರೈಲು ಮಾರ್ಗದಲ್ಲೂ ಹೋಗಬಹುದು.

ಭದ್ರಾವತಿ ಹಳೆಯ ಊರೇ. ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ 13ನೇ ಶತಮಾನದ ಹೊಯ್ಸಳರ ತ್ರಿಕೂಟ. ಆಗಿನ ಹೆಸರು ಬೆಂಕಿಪುರ. ಆದರೆ ಇವತ್ತಿನ ಭದ್ರಾವತಿಯನ್ನು ಕಟ್ಟಿದ್ದು ಕಬ್ಬಿಣ. ಸರ್ ಎಂ. ವಿಶ್ವೇಶ್ವರಯ್ಯನವರ ಆಸೆಯ ಕೂಸಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಯಿತು, 1923ರಲ್ಲಿ ಊದುಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಉರುವಲು ಮಲೆನಾಡಿನ ಕಾಡಿನ ಇದ್ದಿಲು. 1936ರಲ್ಲಿ ಕಾಗದ ಕಾರ್ಖಾನೆ ಬಂತು. ಒಂದು ಕಡೆ ನ್ಯೂಟೌನ್, ಇನ್ನೊಂದು ಕಡೆ ಪೇಪರ್‌ಟೌನ್. ಸಾವಿರಾರು ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಸಿನಿಮಾ. ದುಡಿಯಲು ತಮಿಳರು ಬಂದರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು, ಸುತ್ತಲ ತಾಂಡಾಗಳ ಲಂಬಾಣಿಗಳು ಬಂದರು. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷ ಜನರಿದ್ದ, ಶಿವಮೊಗ್ಗದ ಅರ್ಧದಷ್ಟೂ ಇಲ್ಲದ ಈ ಊರಿನಲ್ಲಿ ಒಂದೇ ಬೀದಿಯಲ್ಲಿ ಮೂರು ನಾಲ್ಕು ಭಾಷೆ ಕಿವಿಗೆ ಬೀಳುವುದು ಅದಕ್ಕೇ.

ಕಾರ್ಖಾನೆಯ ಊರಿನ ಹಸಿವು ಗಡಿಯಾರ ನೋಡುತ್ತದೆ. ಮಂಡಿಯ ಊರಿನಲ್ಲಿ ರೈತ ಕೊನೇ ಬಸ್ಸಿಗೆ ಮುಂಚೆ ತಿನ್ನುತ್ತಾನೆ. ಇಲ್ಲಿ ಕಾರ್ಖಾನೆಗಳು ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಬದಲಾದಾಗ ತಿನ್ನುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಬಿಟ್ಟವರಿಗೆ ಊಟ, ರಾತ್ರಿ ಹತ್ತಕ್ಕೆ ಬಿಟ್ಟವರಿಗೆ ಬಿಸಿಯಾದ, ಹೊಟ್ಟೆ ತುಂಬುವ ಏನಾದರೊಂದು. ಕುಲುಮೆಯ ಮುಂದೆ ನಿಂತು ಬಂದವನಿಗೆ ಚುರುಮುರಿ ಯಾವ ಮೂಲೆಗೆ ಸಾಲುತ್ತಿತ್ತು? ಹಾಗಾಗಿ ಭದ್ರಾವತಿಯ ಬೀದಿ ತಿಂಡಿ ಭಾರ. ಪರೋಟ, ಎಗ್ ರೈಸ್, ಕಬಾಬ್, ಇಡ್ಲಿ ಜೊತೆ ಗಟ್ಟಿ ಸಾಂಬಾರು, ಮಸಾಲೆ ವಡೆ. ರಂಗಪ್ಪ ವೃತ್ತ, ಮಾಧವಾಚಾರ್ ವೃತ್ತ, ತರೀಕೆರೆ ರಸ್ತೆಯ ಕಡೆ ಸಂಜೆ ಅಡ್ಡಾಡಿದರೆ ಈ ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತದೆ. ಶಿವಮೊಗ್ಗದ ಬಜಾರಿನಲ್ಲಿ ನಿಂಬೆಹಣ್ಣು, ಕೊತ್ತಂಬರಿಯ ವಾಸನೆ. ಇಲ್ಲಿ ಸುಟ್ಟ ಮೈದಾ ಮತ್ತು ಪರೋಟದ ಜೊತೆಯ ಗಸಿ ಸಾಲ್ನಾದ ವಾಸನೆ.

ಪರೋಟ ಮಾಡುವುದನ್ನು ನಿಂತು ನೋಡಬೇಕು. ಮೈದಾ ಹಿಟ್ಟನ್ನು ಎಣ್ಣೆ ಹಾಕಿ ನಾದಿ, ಉಂಡೆ ಕಟ್ಟಿ, ಮತ್ತೆ ಎಣ್ಣೆ ಸವರಿ ಗಂಟೆಗಟ್ಟಲೆ ನೆನೆಯಲು ಬಿಡುತ್ತಾರೆ. ಆ ವಿಶ್ರಾಂತಿಯಿಲ್ಲದಿದ್ದರೆ ಹಿಟ್ಟು ಹಿಗ್ಗುವುದಿಲ್ಲ, ಹರಿಯುತ್ತದೆ. ಆಮೇಲೆ ಕಲ್ಲಿನ ಮೇಲೆ ಬೀಸಿ ಬೀಸಿ ಬಡಿದು ತೆಳುವಾದ ಹಾಳೆ ಮಾಡಿ, ನಿರಿಗೆ ಹಿಡಿದು, ಸುತ್ತಿ, ತಟ್ಟಿ, ಕಾವಲಿಗೆ. ಬೆಂದ ಮೇಲೆ ನಾಲ್ಕೈದನ್ನು ಒಟ್ಟಿಗೆ ಎರಡೂ ಕೈಯಿಂದ ಹೊಡೆದರೆ ಪದರ ಬಿಚ್ಚಿಕೊಳ್ಳುತ್ತವೆ. ಉಳಿದ ಪರೋಟ ಹಾಳಾಗುವುದಿಲ್ಲ. ಮೊಟ್ಟೆ, ಈರುಳ್ಳಿ, ಸಾಲ್ನಾ ಸುರಿದು ಕಾವಲಿಯ ಮೇಲೇ ಎರಡು ತಗಡಿನಿಂದ ಟಣಟಣ ಕೊಚ್ಚಿದರೆ ಕೊತ್ತು ಪರೋಟ. ಈ ಕಲೆ ತಮಿಳುನಾಡು, ಕೇರಳದ ಕಡೆಯದು. ಕರ್ನಾಟಕದಲ್ಲಿ ದುಡಿಮೆಗೆ ವಲಸೆ ಬಂದವರಿದ್ದ ಊರುಗಳಲ್ಲೆಲ್ಲ ಬೇರು ಬಿಟ್ಟಿದೆ.

ಎಂಪಿಎಂನಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ವಿಐಎಸ್‌ಎಲ್ ಎಂಬ ಹೆಸರು ಪಡೆದಿದ್ದ ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಸಂಸ್ಥೆ ಸೇಲ್ ಒಳಗೆ ಸೇರಿತ್ತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಪಾಳಿಯ ಗಿರಾಕಿ ಕರಗಿದಾಗ ಗಾಡಿಯವರ ಪಾಡೇನು ಎಂಬ ಲೆಕ್ಕ ಯಾವ ಸರ್ಕಾರಿ ಕಡತದಲ್ಲೂ ಇರುವುದಿಲ್ಲ. ಕಾರ್ಖಾನೆಯ ನೌಕರನಿಗೆ ಸ್ವಯಂನಿವೃತ್ತಿಯ ಗಂಟಾದರೂ ಸಿಗಬಹುದು, ಗೇಟಿನ ಹೊರಗೆ ಇಡ್ಲಿ ಮಾರಿದ ಹೆಂಗಸಿಗೆ ಅದೂ ಇಲ್ಲ.

ಅವರಿಗಾಗಿ ಇರುವ ಕಾನೂನು ಒಂದಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು; ಅದರಲ್ಲಿ ಶೇ 40ರಷ್ಟು ವ್ಯಾಪಾರಿಗಳೇ, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಸಮೀಕ್ಷೆ ನಡೆದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಪಿಎಂ ಸ್ವನಿಧಿ ಯೋಜನೆ ಬಂದು ಮೊದಲ ಕಂತಿನಲ್ಲಿ 10 ಸಾವಿರ ರೂಪಾಯಿ ಸಾಲ ಸಿಗತೊಡಗಿತು. ಕಾಯ್ದೆಯ ಅನುಸೂಚಿಯಲ್ಲಿ ಹೆಚ್ಚು ಮಂದಿ ಗಮನಿಸದ ಇನ್ನೊಂದು ಮಾತಿದೆ: ಐವತ್ತು ವರ್ಷಕ್ಕೂ ಮೀರಿ ಬೀದಿ ವ್ಯಾಪಾರ ನಡೆದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು. ಗಾಂಧಿ ಬಜಾರಿನಂಥ ಕಡೆ ನಡಿಗೆಯ ಪ್ರವಾಸ ಏರ್ಪಡಿಸುವ ಯೋಚನೆ ಯಾರಿಗಾದರೂ ಬಂದರೆ ಮೊದಲು ಹಿಡಿಯಬೇಕಾದ್ದು ಈ ಸಾಲನ್ನು. ಹೋಯಿ ಆನ್‌ನ ಹಳೆ ಬೀದಿಗಳಲ್ಲಿ ಈಗ ಪ್ರವಾಸಿಗಳ ದಟ್ಟಣೆಯೇ ದೊಡ್ಡ ತಲೆನೋವು. ಶಿವಮೊಗ್ಗಕ್ಕೆ ಆ ಗಂಡಾಂತರ ದೂರ, ಆದರೂ ಗಾಡಿಯವರ ಹೆಸರಿಗೆ ಜಾಗ ಬರೆದಿಟ್ಟ ಮೇಲೆ ಬಾವುಟದ ಗೈಡ್ ಬರುವುದು ಕ್ಷೇಮ.

ಅಲ್ಲಿಯವರೆಗೆ ತಾವೇ ನಡೆಯುವವರು ಎರಡೂ ಊರನ್ನು ಒಂದೇ ಸಂಜೆ ಮುಗಿಸುವ ಹಟ ಮಾಡಬಾರದು. ಶಿವಮೊಗ್ಗಕ್ಕೆ ಐದರಿಂದ ಎಂಟು, ಭದ್ರಾವತಿಗೆ ಏಳರ ಮೇಲೆ. ದಸರೆಯಲ್ಲಿ ಬಂದರೆ ಶಿವಮೊಗ್ಗದಲ್ಲಿ ಆಹಾರ ದಸರಾ ಕೂಡ ನಡೆಯುತ್ತದೆ, ತಿನ್ನುವ ಸ್ಪರ್ಧೆಗಳ ಸಮೇತ. ಜೂನ್‌ನಿಂದ ಆಗಸ್ಟಿನವರೆಗೆ ಜಡಿಮಳೆ. ಕೆಲವು ಗಾಡಿಗಳು ಬರುವುದೇ ಇಲ್ಲ. ಪ್ಲಾಸ್ಟಿಕ್ ಕಟ್ಟಿಕೊಂಡು ಬಂದವರ ಮುಂದೆ ಬಜ್ಜಿಗೆ ಜಗಳವೇ ಆಗುತ್ತದೆ, ಆಗ ಪ್ಲೇಟ್ ಲೆಕ್ಕ ಬಿಟ್ಟು ಡಜನ್ ಲೆಕ್ಕದಲ್ಲಿ ಹೇಳುವುದು ವಾಸಿ.